ಎದುರಾಳಿ ಬಿದ್ದಾಯಿತು, ಮುಂದೇನು? ಓಕಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಗೇಮ್ ಪಾರ್ಲರ್‌ಗಳಲ್ಲಿ, ಮಂಡ್ಯದ ಹಾಸ್ಟೆಲ್ ರೂಮುಗಳಲ್ಲಿ ಫೈಟಿಂಗ್ ಗೇಮ್ ಆಡುವ ನಮ್ಮವರು ಕಾಂಬೊ ಚೆನ್ನಾಗಿ ಕಲಿತಿರುತ್ತಾರೆ. ಹೊಡೆತದ ಮೇಲೆ ಹೊಡೆತ ಹಾಕಿ ಎದುರಾಳಿಯನ್ನು ಬೀಳಿಸುತ್ತಾರೆ. ಆಮೇಲೆ ಸುಮ್ನೆ ಹಿಂದೆ ಸರಿದು ನಿಂತುಬಿಡುತ್ತಾರೆ. ಇಲ್ಲ ಅಂದರೆ ಮೈಮೇಲೆ ನುಗ್ಗಿ, ಕೈಗೆ ಸಿಕ್ಕ ಬಟನ್ ಒತ್ತಿ, ಎದ್ದವರಿಂದ ಒದೆ ತಿನ್ನುತ್ತಾರೆ. ಪಂದ್ಯ ಕೈತಪ್ಪುವುದು ಅಲ್ಲೇ. ಹೊಸದಾಗಿ ಸೇರಿದವರು ಪ್ರತಿ ವಾರ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಸ್ಟ್ರೀಟ್ ಫೈಟರ್ 6ರಿಂದ ಬಂದಿವೆ, ಯಾಕೆಂದರೆ ನಮ್ಮ ಗುಂಪಿನಲ್ಲಿ ಜಾಸ್ತಿ ಜನ ಆಡುವುದು ಅದನ್ನೇ. ಟೆಕ್ಕೆನ್‌ಗೆ ಕೆಳಗೆ ಬೇರೆಯೇ ಉತ್ತರ ಇದೆ.

ಓಕಿ ಅಂದರೆ ಏನು?

ಪೂರ್ತಿ ಹೆಸರು ಓಕಿಝೆಮೆ. ಜಪಾನಿನ ಆಟಗಾರರಿಂದ ಬಂದ ಮಾತು. ಈಗ ಎಲ್ಲ ಕಡೆಯವರೂ ಚಿಕ್ಕದಾಗಿ ಓಕಿ ಅನ್ನುತ್ತಾರೆ. ಎದುರಾಳಿ ನೆಲಕ್ಕೆ ಬಿದ್ದು ಏಳುವ ಹೊತ್ತಿಗೆ ನೀವು ಸರಿಯಾದ ಜಾಗದಲ್ಲಿ, ಸರಿಯಾದ ಗಳಿಗೆಯಲ್ಲಿ ಕಾದಿದ್ದು ಒತ್ತಡ ಹಾಕುವುದೇ ಓಕಿ.

ಸ್ಟ್ರೀಟ್ ಫೈಟರ್‌ನಲ್ಲಿ ಬಿದ್ದವರಿಗೆ ಏಳುವ ತನಕ ಹೊಡೆಯಲೂ ಆಗುವುದಿಲ್ಲ, ತಡೆಯಲೂ ಆಗುವುದಿಲ್ಲ. ನೀವು ಅಷ್ಟು ಹೊತ್ತು ನಡೆಯಬಹುದು, ಡ್ಯಾಶ್ ಮಾಡಬಹುದು (ಒಮ್ಮೆಗೇ ಮುಂದಕ್ಕೆ ನುಗ್ಗುವುದು), ಹಾರಬಹುದು, ಮೊದಲೇ ಹೊಡೆತ ಶುರು ಮಾಡಿಡಬಹುದು. ಅವರು ಯಾವಾಗ ಏಳುತ್ತಾರೆ ಅನ್ನುವುದೂ ನಿಮಗೆ ಮೊದಲೇ ಗೊತ್ತು. ಪಂದ್ಯದಲ್ಲಿ ಬೇರೆ ಯಾವ ಹೊತ್ತಿನಲ್ಲೂ ಇಷ್ಟು ಅನುಕೂಲ ಸಿಗುವುದಿಲ್ಲ.

ಬಿದ್ದವರ ಮೇಲೆ ಬೀಳುವುದು ತಪ್ಪಲ್ವಾ? ಏಳೋಕೆ ಬಿಡಬೇಕಲ್ವಾ?

ಈ ಪ್ರಶ್ನೆಯನ್ನು ನಮ್ಮ ಊರಿನವರು ಕೇಳಬಾರದು ಅಂತ ನನಗೆ ಅನಿಸುತ್ತದೆ. ದಸರಾ ಹೊತ್ತಿನಲ್ಲಿ ದೊಡ್ಡಕೆರೆ ಮೈದಾನಕ್ಕೆ ಹೋಗಿ ನಾಡಕುಸ್ತಿ ನೋಡಿದವರಿಗೆ ಇದು ಗೊತ್ತು. ಪೈಲ್ವಾನ್ ಬೋರಲು ಬಿದ್ದ ಮಾತ್ರಕ್ಕೆ ಕುಸ್ತಿ ಮುಗಿಯುವುದಿಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ ಆಗಬೇಕು. ಮೇಲಿದ್ದವರು ತಿರುಗಿಸಿ ಹಾಕಲು ಪಟ್ಟು ಹುಡುಕುತ್ತಾರೆ. ಕೆಳಗಿದ್ದವರು ಜಾರಿ ಎದ್ದು ಬರಲು ಪಟ್ಟು ಹುಡುಕುತ್ತಾರೆ. ಜನ ಉಸಿರು ಬಿಗಿ ಹಿಡಿದು ನೋಡುವುದು ಆ ಹೊತ್ತನ್ನೇ.

ಫೈಟಿಂಗ್ ಗೇಮಿನಲ್ಲೂ ಹಾಗೇ. ಸ್ಟ್ರೀಟ್ ಫೈಟರ್‌ನಲ್ಲಂತೂ ನೆಲದ ಮೇಲೆ ಬಿದ್ದಿರುವವರಿಗೆ ಹೊಡೆತ ತಾಗುವುದೇ ಇಲ್ಲ. ಎದ್ದು ನಿಲ್ಲುವ ಕ್ಷಣಕ್ಕೆ ಅವರ ಕೈಯಲ್ಲಿ ಬ್ಲಾಕ್ (ಏಟು ತಡೆಯುವುದು), ಥ್ರೋ (ಹಿಡಿದು ಎಸೆಯುವುದು), ಜಿಗಿತ, ರಿವರ್ಸಲ್ (ಏಳುತ್ತಲೇ ತಿರುಗಿಸಿ ಹೊಡೆಯುವುದು) ಎಲ್ಲವೂ ಇರುತ್ತವೆ. ಆಟ ಮಾಡಿದವರು ಬೇಕಂತಲೇ ಇಟ್ಟ ಎರಡು ಕಡೆಯ ಬುದ್ಧಿಯ ಪೈಪೋಟಿ ಇದು. ನೀವು ಸುಮ್ನೆ ನಿಂತರೆ ಆಟದ ಅರ್ಧ ಭಾಗವನ್ನು ಬಿಟ್ಟುಕೊಟ್ಟ ಹಾಗೆ.

ಎಲ್ಲರೂ ಮೀಟಿ ಮೀಟಿ ಅನ್ನುತ್ತಾರೆ. ಅದೇನು?

ಇದೊಂದು ಅರ್ಥವಾದರೆ ಮುಕ್ಕಾಲು ಪಾಲು ಓಕಿ ಅರ್ಥವಾದಂತೆ. ಸ್ವಲ್ಪ ನಿಧಾನವಾಗಿ ಓದಿ.

ಈ ಆಟಗಳು ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಓಡುತ್ತವೆ. ಒಂದು ಫ್ರೇಮ್ ಅಂದರೆ ಸೆಕೆಂಡಿನ 60ನೇ ಒಂದು ಭಾಗ. ಪ್ರತಿ ಹೊಡೆತಕ್ಕೂ ಮೂರು ಹಂತ ಇದೆ. ಕೈ ಎತ್ತುವ ಹೊತ್ತು, ಅದು ಸ್ಟಾರ್ಟಪ್. ನಿಜವಾಗಿ ತಾಗುವ ಹೊತ್ತು, ಅದು ಆ್ಯಕ್ಟಿವ್. ಕೈ ಹಿಂದಕ್ಕೆ ಎಳೆದುಕೊಳ್ಳುವ ಹೊತ್ತು, ಅದು ರಿಕವರಿ. ಎದುರಾಳಿ ಏಳುವ ಮೊದಲ ಫ್ರೇಮಿಗೆ ಸರಿಯಾಗಿ ನಿಮ್ಮ ಹೊಡೆತ ಆ್ಯಕ್ಟಿವ್ ಆಗಿದ್ದರೆ ಅದು ಮೀಟಿ. ಅವರು ಏಳುತ್ತಲೇ ಹೊಡೆತದ ಒಳಗೆ ಎದ್ದು ನಿಲ್ಲುತ್ತಾರೆ. ಜ್ಯಾಬ್, ಅಂದರೆ ಸಣ್ಣ ವೇಗದ ಗುದ್ದು, ಒತ್ತಿದರೂ ಅದರ ಸ್ಟಾರ್ಟಪ್ ಮುಗಿಯುವ ಮೊದಲೇ ಏಟು ಬಿದ್ದಿರುತ್ತದೆ. ಥ್ರೋ ಒತ್ತಿದರೂ ಅಷ್ಟೇ, ಹಾರಲು ಹೋದರೂ ಅಷ್ಟೇ.

ಇನ್ನೊಂದು ಲಾಭವೂ ಇದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಅರ್ಥವಾಗಲಿ ಅಂತ ಸುಲಭದ ಲೆಕ್ಕ ತೆಗೆದುಕೊಳ್ಳೋಣ. ಬೀಳಿಸಿದ ಮೇಲೆ ನಿಮಗೆ 30 ಫ್ರೇಮ್ ಸಿಕ್ಕಿದೆ, ಅಂದರೆ ಎದುರಾಳಿ 31ನೇ ಫ್ರೇಮಿಗೆ ಎದ್ದು ನಿಲ್ಲುತ್ತಾರೆ. ನಿಮ್ಮ ಡ್ಯಾಶ್‌ಗೆ 20 ಫ್ರೇಮ್ ಬೇಕು. ನಿಮ್ಮ ಹೊಡೆತ 8ನೇ ಫ್ರೇಮಿನಿಂದ ಶುರುವಾಗಿ 4 ಫ್ರೇಮ್ ಆ್ಯಕ್ಟಿವ್ ಇರುತ್ತದೆ. ಡ್ಯಾಶ್ ಮುಗಿದ ಕೂಡಲೇ ಒತ್ತಿದರೆ ಅದು 28, 29, 30, 31ನೇ ಫ್ರೇಮುಗಳಲ್ಲಿ ಆ್ಯಕ್ಟಿವ್. ಎದುರಾಳಿಗೆ ತಾಗುವುದು ಕೊನೆಯ ಫ್ರೇಮಿನಲ್ಲಿ. ಉಳಿದ 3 ಆ್ಯಕ್ಟಿವ್ ಫ್ರೇಮ್ ಆಗಲೇ ಕಳೆದಿರುವುದರಿಂದ ನೀವು 3 ಫ್ರೇಮ್ ಮೊದಲೇ ಬಿಡುವಾಗುತ್ತೀರಿ. ಬ್ಲಾಕ್ ಆದರೆ ಮಾಮೂಲಾಗಿ ಮೈನಸ್ 1 (ಎದುರಾಳಿಗಿಂತ 1 ಫ್ರೇಮ್ ತಡವಾಗಿ ಬಿಡುವು) ಆಗುವ ಹೊಡೆತ ಈಗ ಪ್ಲಸ್ 2 (2 ಫ್ರೇಮ್ ಮೊದಲೇ ಬಿಡುವು) ಆಗುತ್ತದೆ. ಎದುರಾಳಿ ಸರಿಯಾಗಿ ಬ್ಲಾಕ್ ಮಾಡಿದರೂ ಸರದಿ ನಿಮ್ಮದೇ. ತಾಗಿದರೆ, ಮಾಮೂಲಿನಲ್ಲಿ ಕೂಡದ ಕಾಂಬೊ ಕೂಡ ಕೂಡಿಕೊಳ್ಳುತ್ತದೆ.

ನನ್ನ ಮೀಟಿ ಯಾವಾಗಲೂ ಬೇಗ ಆಗುತ್ತದೆ, ಇಲ್ಲ ತಡ ಆಗುತ್ತದೆ. ಕಣ್ಣಲ್ಲಿ ನೋಡಿ ಹೇಗೆ ಒತ್ತುವುದು?

ಕಣ್ಣಲ್ಲಿ ನೋಡಿ ಒತ್ತಬೇಡಿ. ಎದುರಾಳಿ ಏಳುವುದನ್ನು ನೋಡಿ ಒತ್ತಿದರೆ ಯಾವತ್ತೂ ತಡವೇ. ಬದಲಿಗೆ ಹೊತ್ತನ್ನು ಬೇರೆ ಚಲನೆಯಿಂದ ಅಳೆಯಿರಿ. ಮೇಲಿನ ಲೆಕ್ಕದಲ್ಲಿ ಡ್ಯಾಶ್ ಮಾಡಿದ ಕೆಲಸ ಅದೇ. ಕೆಲವು ಕಡೆ ಎರಡು ಡ್ಯಾಶ್ ಸರಿಹೋಗುತ್ತದೆ. ಕೆಲವು ಕಡೆ ಗಾಳಿಯಲ್ಲಿ ಒಂದು ಜ್ಯಾಬ್ ಹೊಡೆದು ಆಮೇಲೆ ಮೀಟಿ ಒತ್ತುತ್ತಾರೆ. ಹೀಗೆ ಖಾಲಿ ಹೊಡೆತದಿಂದ ಹೊತ್ತು ಕಳೆಯುವುದಕ್ಕೆ ಫ್ರೇಮ್ ಕಿಲ್ ಅನ್ನುತ್ತಾರೆ. ಒಂದರ ಹಿಂದೆ ಒಂದು ಒತ್ತುತ್ತಾ ಹೋದರೆ ಸಾಕು, ಲೆಕ್ಕ ತಾನಾಗಿ ಸರಿ ಬರುತ್ತದೆ. ಪಾರ್ಲರಿನಲ್ಲಿ ಎಷ್ಟೇ ಗಲಾಟೆ ಇರಲಿ, ಕೈ ನಡುಗುತ್ತಿರಲಿ, ಅದು ತಪ್ಪುವುದಿಲ್ಲ.

ಎಲ್ಲ ನಾಕ್‌ಡೌನ್‌ಗೂ ಒಂದೇ ಲೆಕ್ಕ ಇರುವುದಿಲ್ಲ. ಸ್ವೀಪ್‌ಗೆ (ಕಾಲು ಬೀಸಿ ಬೀಳಿಸುವ ಒದೆ) ಒಂದು, ಥ್ರೋಗೆ ಒಂದು, ಸೂಪರ್‌ಗೆ (ಗೇಜ್ ತುಂಬಿಸಿಕೊಂಡು ಹೊಡೆಯುವ ದೊಡ್ಡ ಹೊಡೆತ) ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ನೀವು ಪಂದ್ಯದಲ್ಲಿ ಜಾಸ್ತಿ ಬಳಸುವ ಕಾಂಬೊ ಯಾವುದರಲ್ಲಿ ಮುಗಿಯುತ್ತದೆ ನೋಡಿ. ಮೊದಲು ಅದೊಂದರ ಲೆಕ್ಕ ಗಟ್ಟಿ ಮಾಡಿಕೊಳ್ಳಿ.

ಎದುರಾಳಿ ಸುಮ್ನೆ ಬ್ಲಾಕ್ ಹಿಡಿದು ಕೂತರೆ?

ಆಗ ಥ್ರೋ ಇದೆ. ಬ್ಲಾಕ್ ಮಾಡುವವರನ್ನು ಥ್ರೋ ಹಿಡಿಯುತ್ತದೆ. ಸ್ಟ್ರೀಟ್ ಫೈಟರ್ 6ರಲ್ಲಿ ಪ್ಯಾರಿ (ಬಟನ್ ಒತ್ತಿ ಏಟು ತಡೆಯುವ ಇನ್ನೊಂದು ರೀತಿ) ಹಿಡಿದವರನ್ನೂ ಹಿಡಿಯುತ್ತದೆ, ಅದೂ ಮಾಮೂಲಿಗಿಂತ ಬಹಳ ಜಾಸ್ತಿ ಡ್ಯಾಮೇಜ್ ಕೊಟ್ಟು. ಹೊಡೆತಕ್ಕೆ ಹೆದರಿ ಬ್ಲಾಕ್ ಮಾಡುತ್ತಾರೆ, ಥ್ರೋಗೆ ಹೆದರಿ ಬಟನ್ ಒತ್ತುತ್ತಾರೆ, ಬಟನ್ ಒತ್ತಿದರೆ ಮೀಟಿ ಬೀಳುತ್ತದೆ. ಓಕಿಯ ಬೇರು ಇದೇ. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ಥ್ರೋ ಹಾಕುವಾಗ ಒಂದು ವಿಷಯ ನೆನಪಿರಲಿ. ಎದ್ದ ಮೊದಲ ಕ್ಷಣಕ್ಕೆ ಥ್ರೋ ಹಿಡಿಯುವುದಿಲ್ಲ, ಹಾಗಾಗಿ ಮೀಟಿಗಿಂತ ಒಂದು ಚೂರು ತಡ ಮಾಡಿ ಒತ್ತಬೇಕು. ಆದರೆ ಜಾಸ್ತಿ ತಡ ಮಾಡಿದರೆ ಜ್ಯಾಬ್ ತಿನ್ನುತ್ತೀರಿ. ಸ್ಟ್ರೀಟ್ ಫೈಟರ್ 6ರಲ್ಲಿ ಥ್ರೋ ಸ್ಟಾರ್ಟಪ್ 5 ಫ್ರೇಮ್. ಅತಿ ವೇಗದ ಜ್ಯಾಬ್‌ಗಳದು 4 ಫ್ರೇಮ್. ಇಷ್ಟು ಸಣ್ಣ ಅಂತರದಲ್ಲಿ ಆಟ ನಡೆಯುತ್ತದೆ.

ಸ್ವಲ್ಪ ಆಡಿ ಪಳಗಿದವರು ಥ್ರೋ ಬರುತ್ತದೆ ಅಂತ ಊಹಿಸಿ ತಾವೂ ಥ್ರೋ ಒತ್ತಿ ಬಿಡಿಸಿಕೊಳ್ಳುತ್ತಾರೆ. ಅದಕ್ಕೆ ಟೆಕ್ ಅನ್ನುತ್ತಾರೆ. ಅವರಿಗೆ ಶಿಮಿ ಇದೆ. ಹತ್ತಿರ ನಡೆದು ಹೋಗಿ. ಥ್ರೋ ಹಾಕುವ ಹಾಗೆ ಕಾಣಲಿ. ಆ ಗಳಿಗೆಗೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಅವರ ಕೈ ಗಾಳಿಯನ್ನು ಹಿಡಿಯುತ್ತದೆ. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ನಿಮ್ಮ ದೊಡ್ಡ ಕಾಂಬೊ ಶುರುವಾಗಬೇಕು. ನನ್ನ ಕಣ್ಣಿಗೆ ಇಡೀ ಆಟದಲ್ಲಿ ಇದಕ್ಕಿಂತ ಚೆಂದದ ಚಲನೆ ಇನ್ನೊಂದಿಲ್ಲ. ಎದುರಾಳಿಯ ಮನಸ್ಸನ್ನು ಓದಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಆದರೆ ಬ್ಲಾಕ್ ಹಿಡಿದು ಕೂತವರ ಮುಂದೆ ಶಿಮಿ ಮಾಡಿದರೆ ಏನೂ ಸಿಗುವುದಿಲ್ಲ, ನಿಮ್ಮ ಸರದಿ ಸುಮ್ನೆ ಕಳೆಯುತ್ತದೆ. ಮೊದಲು ಥ್ರೋ ಹಾಕಿ ಹೆದರಿಸಿ. ಅವರು ಟೆಕ್ ಒತ್ತಲು ಶುರು ಮಾಡಿದ ಮೇಲೆ ಶಿಮಿ.

ಎದ್ದ ತಕ್ಷಣ ಶೋರ್ಯುಕೆನ್ ಹೊಡೆಯುವವರ ಹತ್ತಿರ ಏನು ಮಾಡಲಿ?

ಪಾರ್ಲರಿನಲ್ಲಿ ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ಶೋರ್ಯುಕೆನ್ ಅಂದರೆ ಮೇಲಕ್ಕೆ ಹಾರುತ್ತಾ ಹೊಡೆಯುವ ಗುದ್ದು, ರಿವರ್ಸಲ್‌ಗೆ ಬಳಸುವಂಥದ್ದು. ರಿವರ್ಸಲ್‌ಗೆ ಶುರುವಿನಲ್ಲಿ ಏಟು ತಾಗುವುದಿಲ್ಲ. ನಿಮ್ಮ ಮೀಟಿಯ ಮೂಲಕವೇ ಹಾದು ಬಂದು ಹೊಡೆಯುತ್ತದೆ. ಸ್ಟ್ರೀಟ್ ಫೈಟರ್ 6ರಲ್ಲಿ ಆ ಶಕ್ತಿ ಇರುವುದು ರ್‍ಯು, ಕೆನ್ ಎಂಬ ಪಾತ್ರಗಳ ಓಡಿ (ಓವರ್‌ಡ್ರೈವ್, ಅಂದರೆ ಗೇಜ್ ಖರ್ಚು ಮಾಡಿ ಹೊಡೆಯುವ) ಶೋರ್ಯುಕೆನ್‌ಗೆ, ಮತ್ತೆ ಹಲವು ಸೂಪರ್‌ಗಳಿಗೆ. ಓಡಿ ಹೊಡೆತಕ್ಕೆ ಡ್ರೈವ್ ಗೇಜಿನ 6 ಪಟ್ಟಿಯಲ್ಲಿ 2 ಬೇಕು.

ಹಾಗಾಗಿ ಬೀಳಿಸಿದ ಕೂಡಲೇ ಎದುರಾಳಿಯ ಗೇಜ್ ನೋಡಿ. ಡ್ರೈವ್ ಖಾಲಿಯಾಗಿ ಬರ್ನ್‌ಔಟ್ ಆಗಿದ್ದಾರಾ? ಸೂಪರ್ ಗೇಜಿನಲ್ಲಿ ಒಂದು ಪಟ್ಟಿಯೂ ತುಂಬಿಲ್ಲವಾ? ಹಾಗಾದರೆ ರಿವರ್ಸಲ್ ಇಲ್ಲ. ಧೈರ್ಯವಾಗಿ ನುಗ್ಗಿ. ಗೇಜ್ ಇದ್ದರೆ ಕೆಲವು ಸಲ ಸುಮ್ನೆ ಹತ್ತಿರ ಹೋಗಿ ಬ್ಲಾಕ್ ಹಿಡಿದು ನಿಲ್ಲಿ. ಶೋರ್ಯುಕೆನ್ ಬ್ಲಾಕ್ ಆದರೆ ಅವರು ಮೇಲೆ ಹಾರಿ ಕೆಳಗೆ ಬರುವ ತನಕ ಏನೂ ಮಾಡಲಾಗದು. ನಿಮ್ಮ ಅತಿ ದೊಡ್ಡ ಕಾಂಬೊ ಹಾಕಿ. ಒಂದು ಸಲ ಹೀಗೆ ಬಲವಾಗಿ ಬಿದ್ದರೆ ಮುಂದಿನ ಸಲ ಒತ್ತಲು ಯೋಚನೆ ಮಾಡುತ್ತಾರೆ. ಆಗ ನಿಮ್ಮ ಮೀಟಿ, ಥ್ರೋ ಎರಡೂ ಮತ್ತೆ ಕೆಲಸ ಮಾಡುತ್ತವೆ.

ಸೇಫ್ ಜಂಪ್ ಅಂದರೆ ಇದಕ್ಕೇ ಮದ್ದಾ?

ಹೌದು. ಹಾರಿ ಬಂದು ಹೊಡೆಯುವ ಏಟನ್ನು ನೆಲ ಮುಟ್ಟುವ ಮುಂಚಿನ ಕೊನೆಯ ಕ್ಷಣಕ್ಕೆ, ಎದುರಾಳಿ ಏಳುವ ಕ್ಷಣಕ್ಕೆ ಸರಿಯಾಗಿ ಕೂಡಿಸಬೇಕು. ಎದುರಾಳಿ ಬ್ಲಾಕ್ ಮಾಡಿದರೆ ಒತ್ತಡ ನಿಮ್ಮದು. ಬ್ಲಾಕ್ ಮಾಡದಿದ್ದರೆ ಏಟು. ರಿವರ್ಸಲ್ ಒತ್ತಿದರೆ ನಿಮ್ಮ ಏಟು ತಾಗುವುದಿಲ್ಲ, ಆದರೆ ರಿವರ್ಸಲ್‌ಗೂ ಸ್ಟಾರ್ಟಪ್ ಇದೆಯಲ್ಲ. ಅದು ಹೊಡೆಯುವ ಮೊದಲೇ ನೀವು ನೆಲದ ಮೇಲೆ ಬ್ಲಾಕ್ ಹಿಡಿದು ನಿಂತಿರುತ್ತೀರಿ. ಮೂರೂ ಕಡೆ ನಿಮಗೆ ನಷ್ಟ ಇಲ್ಲ.

ಒಂದು ಜಿಗಿತಕ್ಕೆ ಸುಮಾರು ಮುಕ್ಕಾಲು ಸೆಕೆಂಡ್ ಬೇಕು. ಅಷ್ಟು ಹೊತ್ತು ಕೊಡುವ ನಾಕ್‌ಡೌನ್ ಮಾತ್ರ ಇದಕ್ಕೆ ಆಗುತ್ತದೆ. ನಿಮ್ಮ ಪಾತ್ರಕ್ಕೆ ಅಂಥದ್ದು ಯಾವುದಿದೆ ಅಂತ ಹುಡುಕಿಕೊಳ್ಳಿ. ತೀರಾ ವೇಗದ ರಿವರ್ಸಲ್ ಇರುವ ಪಾತ್ರದ ಎದುರು ಸೇಫ್ ಜಂಪ್ ಕೂಡ ಕೈಕೊಡಬಹುದು, ಎದುರಿಗೆ ಯಾರಿದ್ದಾರೆ ನೋಡಿ ಬಳಸಿ.

ಎಡ ಬಲ, ಮೇಲೆ ಕೆಳಗೆ ಆಟ ಹೇಗೆ?

ಎದುರಾಳಿಯ ತಲೆ ಮೇಲಿಂದ ಹಾರಿ ಬೆನ್ನ ಕಡೆ ಹೊಡೆದರೆ ಕ್ರಾಸಪ್. ಬ್ಲಾಕ್ ದಿಕ್ಕು ತಿರುಗುತ್ತದೆ. ನಿಂತೇ ತಡೆಯಬೇಕಾದ ಹೊಡೆತ ಓವರ್‌ಹೆಡ್, ಕೂತೇ ತಡೆಯಬೇಕಾದದ್ದು ಲೋ. ಸ್ಟ್ರೀಟ್ ಫೈಟರ್ 6ರಲ್ಲಿ ನೆಲದ ಮೇಲಿನ ಓವರ್‌ಹೆಡ್‌ಗಳು ನಿಧಾನ, 20 ಫ್ರೇಮ್ ಆಸುಪಾಸು. ಸಾಮಾನ್ಯ ಮನುಷ್ಯನಿಗೆ ಕಂಡದ್ದಕ್ಕೆ ಕೈ ಆಡಿಸಲು 12ರಿಂದ 15 ಫ್ರೇಮ್ ಸಾಕು. ಕಾಯುತ್ತಾ ಕೂತವರು ತಡೆಯುತ್ತಾರೆ. ಎದುರಾಳಿಯ ತಲೆಯಲ್ಲಿ ಥ್ರೋ, ಶಿಮಿ ಎಲ್ಲ ಓಡುತ್ತಿರುವಾಗ ಮಾತ್ರ ಓವರ್‌ಹೆಡ್ ತಾಗುತ್ತದೆ. ಹೊಸಬರು ಇದನ್ನು ಮೊದಲು ಕಲಿಯುವ ಅಗತ್ಯ ಇಲ್ಲ.

ಮೂಲೆಗೆ ತಳ್ಳಿದರೆ ಎಲ್ಲ ಸುಲಭ ಅನ್ನುತ್ತಾರೆ, ಯಾಕೆ?

ನಡುವೆ ಬೀಳಿಸಿದಾಗ ಎದುರಾಳಿ ಹಿಂದಕ್ಕೆ ಉರುಳಿ ಏಳಬಹುದು. ನೀವು ಅಳೆದಿಟ್ಟ ದೂರ ತಪ್ಪಿಹೋಗುತ್ತದೆ. ಮೂಲೆಯಲ್ಲಿ ಹಿಂದಕ್ಕೆ ಜಾಗವೇ ಇಲ್ಲ. ಥ್ರೋ ಹಾಕಿ ಬೀಳಿಸಿದರೂ ದೂರ ಹೋಗುವುದಿಲ್ಲ, ಹಾಗಾಗಿ ಹಲವು ಪಾತ್ರಗಳು ಅಲ್ಲಿಂದಲೇ ಮತ್ತೆ ಥ್ರೋ ಅಥವಾ ಮೀಟಿ ಆಡಬಹುದು. ಇದಕ್ಕೆ ಥ್ರೋ ಲೂಪ್ ಅಂತ ಹೆಸರು.

ಕಾಂಬೊ ಆರಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಸ್ವಲ್ಪ ಜಾಸ್ತಿ ಡ್ಯಾಮೇಜ್ ಕೊಟ್ಟು ಎದುರಾಳಿಯನ್ನು ದೂರ ಎಸೆಯುವ ಕಾಂಬೊಗಿಂತ, ಡ್ಯಾಮೇಜ್ ಕಡಿಮೆಯಾದರೂ ಹತ್ತಿರವೇ ಬೀಳಿಸುವ, ಮೂಲೆಗೆ ಒಯ್ಯುವ ಕಾಂಬೊ ಬಹಳ ಸಲ ಮೇಲು. ಪಂದ್ಯ ಮುಗಿಸುವ ಏಟಾದರೆ ಮಾತ್ರ ಡ್ಯಾಮೇಜ್ ನೋಡಿ.

ಟೆಕ್ಕೆನ್‌ನಲ್ಲಿ ಇದೆಲ್ಲ ನಡೆಯುವುದಿಲ್ಲ ಅಲ್ವಾ?

ನಡೆಯುತ್ತದೆ, ಆದರೆ ರೀತಿ ಬೇರೆ. ನಮ್ಮ ಕಡೆ ಬಹಳ ಜನರಿಗೆ ಫೈಟಿಂಗ್ ಗೇಮ್ ಅಂದರೆ ಮೊದಲು ನೆನಪಾಗುವುದು ಟೆಕ್ಕೆನ್ 3. 2024ರ ಜನವರಿಯಲ್ಲಿ ಬಂದ ಟೆಕ್ಕೆನ್ 8ರವರೆಗೂ ಒಂದು ಮುಖ್ಯ ಗುಣ ಹಾಗೇ ಉಳಿದಿದೆ. ಬಿದ್ದವರು ಎದ್ದೇಳಬೇಕು ಅಂತಿಲ್ಲ.

ನೆಲಕ್ಕೆ ಬೀಳುವ ಗಳಿಗೆಯಲ್ಲಿ ಬಟನ್ ಒತ್ತಿ ಪಕ್ಕಕ್ಕೆ ಉರುಳಿ ತಕ್ಷಣ ಏಳಬಹುದು. ಮಲಗೇ ಇರಬಹುದು. ಹಿಂದಕ್ಕೆ ಉರುಳಬಹುದು. ಮಲಗಿದ್ದಲ್ಲಿಂದ ಕಾಲಿಗೆ ಒದೆಯಬಹುದು, ಇಲ್ಲ ಏಳುತ್ತಾ ಹೊಟ್ಟೆ ಮಟ್ಟಕ್ಕೆ ಒದೆಯಬಹುದು. ಅಂದರೆ ಬಿದ್ದವರೂ ನಿಮಗೆ ಮೇಲೆ ಕೆಳಗೆ ಊಹೆಯ ಪರೀಕ್ಷೆ ಇಡುತ್ತಾರೆ. ಇದಕ್ಕೆ ಸರಿಯಾಗಿ, ಮಲಗಿರುವವರಿಗೂ ತಾಗುವ ಹೊಡೆತಗಳು ನಿಮ್ಮ ಕೈಯಲ್ಲಿವೆ.

ಹೀಗಾಗಿ ಟೆಕ್ಕೆನ್‌ನಲ್ಲಿ ಒಂದೇ ಮೀಟಿ ಎಲ್ಲಕ್ಕೂ ಆಗುವುದಿಲ್ಲ. ಎದುರಾಳಿಯ ಅಭ್ಯಾಸ ನೋಡಬೇಕು. ಮಲಗೇ ಇರುವವರಿಗೆ ನೆಲಕ್ಕೆ ತಾಗುವ ಹೊಡೆತ. ಯಾವಾಗಲೂ ಪಕ್ಕಕ್ಕೆ ಉರುಳುವವರಿಗೆ, ಉರುಳು ಮುಗಿಯುವ ಹೊತ್ತಿಗೆ ಕಾದು ಹೊಡೆಯುವ ಮಿಡ್ (ನಿಂತೇ ತಡೆಯಬೇಕಾದ ಹೊಟ್ಟೆ ಮಟ್ಟದ ಹೊಡೆತ). ಒದೆಯುತ್ತಾ ಏಳುವವರ ಮುಂದೆ ಒಂದು ಹೆಜ್ಜೆ ಹಿಂದೆ ನಿಂತು ಬ್ಲಾಕ್, ಆಮೇಲೆ ಶಿಕ್ಷೆ. ಎದ್ದು ನಿಂತು ಬ್ಲಾಕ್ ಮಾಡುವವರಿಗೆ ಲೋ ಅಥವಾ ಥ್ರೋ, ಕೂತು ಬ್ಲಾಕ್ ಮಾಡುವವರಿಗೆ ಮಿಡ್. ಮೊದಲ ರೌಂಡಿನಲ್ಲಿ ಎದುರಾಳಿ ಹೇಗೆ ಏಳುತ್ತಾರೆ ಅಂತ ಸುಮ್ನೆ ನೋಡಿದರೂ ನಷ್ಟವಿಲ್ಲ. ಹೆಚ್ಚಿನವರು ಪಂದ್ಯ ಪೂರ್ತಿ ಅದೇ ರೀತಿ ಏಳುತ್ತಾರೆ.

ಕಿಂಗ್ ಆಫ್ ಫೈಟರ್ಸ್, ಮಾರ್ಟಲ್ ಕಾಂಬ್ಯಾಟ್?

ಕಿಂಗ್ ಆಫ್ ಫೈಟರ್ಸ್‌ನಲ್ಲಿ ಬೀಳುವ ಗಳಿಗೆಗೆ ಉರುಳಿ ಬೇಗ ಏಳುವ ದಾರಿ ಇದೆ. ಹಾಗೆ ಉರುಳಲು ಬಿಡದ ನಾಕ್‌ಡೌನ್ ಯಾವುದು ಅಂತ ತಿಳಿದಿರಬೇಕು. ಅಲ್ಲಿನ ಸಣ್ಣ ಜಿಗಿತದ ಹೊಡೆತ ಓಕಿಗೆ ಬಹಳ ಒಳ್ಳೆಯದು. ಮಾರ್ಟಲ್ ಕಾಂಬ್ಯಾಟ್ 11ರಲ್ಲಿ ಉರುಳುವುದಕ್ಕೂ, ಎದ್ದು ಹೊಡೆಯುವುದಕ್ಕೂ ಮೀಟರ್ ಖರ್ಚಾಗುತ್ತದೆ, ಆದ್ದರಿಂದ ಎದುರಾಳಿಯ ಮೀಟರ್ ಮೇಲೆ ಕಣ್ಣಿರಲಿ.

ನಾನೇ ಬಿದ್ದರೆ? ಎದ್ದ ತಕ್ಷಣ ಪ್ಯಾನಿಕ್ ಆಗುತ್ತೆ.

ಆಗುತ್ತದೆ, ಎಲ್ಲರಿಗೂ. ಬಿದ್ದಾಗ ಕೈ ತಾನಾಗಿ ಬಟನ್ ಒತ್ತಲು ಹೋಗುತ್ತದೆ. ಮೊದಲು ಅದನ್ನು ನಿಲ್ಲಿಸಬೇಕು. ಬಿದ್ದಿರುವ ಆ ಅರ್ಧ ಸೆಕೆಂಡ್ ನಿಮಗೂ ಸಿಕ್ಕ ಬಿಡುವು. ಎದುರಾಳಿ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ನೋಡಿ.

ಏನೂ ತೋಚದಿದ್ದರೆ ಕೂತು ಬ್ಲಾಕ್ ಮಾಡಿ. ಲೋ ತಡೆಯಬಹುದು, ಮೀಟಿ ತಡೆಯಬಹುದು, ನಿಧಾನದ ಓವರ್‌ಹೆಡ್ ನೋಡಿ ಎದ್ದು ನಿಲ್ಲಬಹುದು. ಹಾರಿ ಬಂದರೆ ಮಾತ್ರ ನಿಂತು ತಡೆಯಬೇಕು. ಉಳಿಯುವುದು ಥ್ರೋ ಒಂದೇ. ಸ್ಟ್ರೀಟ್ ಫೈಟರ್ 6ರಲ್ಲಿ ಒಂದು ಥ್ರೋ ಸಾಮಾನ್ಯವಾಗಿ 1,200 ಡ್ಯಾಮೇಜ್, ಬಹುತೇಕ ಪಾತ್ರಗಳ ಜೀವ 10,000. ಶಿಮಿಗೆ ಸಿಕ್ಕಿಬಿದ್ದು ತಿನ್ನುವ ಕಾಂಬೊ ಅದರ ಎರಡು ಮೂರು ಪಟ್ಟು. ಹಾಗಾಗಿ ಥ್ರೋ ಒಂದನ್ನು ತಿಂದು ಸುಮ್ಮನಿರುವುದು ಸೋಲಲ್ಲ. ಹೊಸಬರಿಗೆ ಇದನ್ನು ನಂಬಿಸುವುದು ಬಹಳ ಕಷ್ಟ.

ಆಮೇಲೆ ತಡ ಟೆಕ್ ಕಲಿಯಿರಿ. ಎದ್ದಾಗ ಮೊದಲು ಬ್ಲಾಕ್ ಹಿಡಿದು, ಒಂದು ಚೂರು ತಡ ಮಾಡಿ ಥ್ರೋ ಒತ್ತುವುದು. ಮೀಟಿ ಬಂದಿದ್ದರೆ ಬ್ಲಾಕ್ ಆಗುತ್ತದೆ, ನೀವು ಒತ್ತಿದ ಥ್ರೋ ಹೊರಗೇ ಬರುವುದಿಲ್ಲ. ಥ್ರೋ ಬಂದಿದ್ದರೆ ಬಿಡಿಸಿಕೊಳ್ಳುತ್ತೀರಿ. ಮುಖ್ಯವಾಗಿ ಶಿಮಿಗೆ ಸೋಲುತ್ತೀರಿ. ಯಾವಾಗಲೂ ಇದನ್ನೇ ಮಾಡಿದರೆ ಜಾಣ ಎದುರಾಳಿ ಗಮನಿಸುತ್ತಾರೆ.

ರಿವರ್ಸಲ್ ಯಾವಾಗ? ಎದುರಾಳಿ ಮೈಗೆ ಅಂಟಿಕೊಂಡು ಹಲವು ಸಲ ಮೀಟಿ ಹೊಡೆದು ಅಭ್ಯಾಸವಾಗಿರುವಾಗ. ಅವರು ದೂರ ನಿಂತು ಕಾಯುತ್ತಿದ್ದರೆ ಒತ್ತಲೇಬೇಡಿ, ಅವರು ಕೇಳುತ್ತಿರುವುದೇ ಅದು. ಥ್ರೋ ಮೇಲೆ ಥ್ರೋ ಹಾಕುತ್ತಿದ್ದರೆ ಒಮ್ಮೆ ನೇರ ಮೇಲೆ ಹಾರಿ. ಅವರ ಕೈ ಗಾಳಿ ಹಿಡಿಯುತ್ತದೆ, ಇಳಿಯುತ್ತಾ ಕಾಂಬೊ ಹಾಕಿ. ಮೀಟಿ ಇದ್ದರೆ ಏಟು ಬೀಳುತ್ತದೆ, ಆದರೆ ಆ ಒಂದು ಜಿಗಿತದಿಂದ ಎದುರಾಳಿ ಥ್ರೋ ಹಾಕಲು ಎರಡು ಸಲ ಯೋಚಿಸುವ ಹಾಗಾಗುತ್ತದೆ.

ಪದೇ ಪದೇ ಥ್ರೋ ಹಾಕುವುದು ಚೀಪ್ ಅಲ್ವಾ? ನಮ್ಮ ಪಾರ್ಲರಲ್ಲಿ ಬೈತಾರೆ.

ಬೈಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಥ್ರೋಗೆ ಉತ್ತರ ಇದೆ. ಟೆಕ್ ಇದೆ, ಜಿಗಿತ ಇದೆ. ಆಟದಲ್ಲಿ ಇರುವುದನ್ನು ಬಳಸಬೇಡಿ ಅಂದರೆ ಬ್ಲಾಕ್ ಹಿಡಿದು ಕೂತವರನ್ನು ಎಬ್ಬಿಸುವ ದಾರಿಯೇ ಇರುವುದಿಲ್ಲ. ಮೂಲೆಯ ಥ್ರೋ ಲೂಪ್ ಅತಿಯಾಯಿತು ಅಂತ ಜಗತ್ತಿನ ದೊಡ್ಡ ಆಟಗಾರರಲ್ಲೂ ವಾದ ಇದೆ. ಆ ವಾದವನ್ನು ಆಟ ಮಾಡುವವರ ಹತ್ತಿರ ಮಾಡೋಣ, ಪಕ್ಕದಲ್ಲಿ ಕೂತು ನಿಯಮದ ಪ್ರಕಾರ ಆಡುತ್ತಿರುವ ಗೆಳೆಯರ ಹತ್ತಿರ ಬೇಡ.

ಇದೆಲ್ಲ ಮೊದಲಿನಿಂದಲೂ ಹೀಗೇ ಇತ್ತಾ?

ಮೀಟಿ, ಕ್ರಾಸಪ್ ಎರಡೂ 1991ರ ಸ್ಟ್ರೀಟ್ ಫೈಟರ್ 2ರ ಕಾಲದಿಂದ ಇವೆ. ಆಗ ಥ್ರೋ ಬಿದ್ದರೆ ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ. 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊದಲ್ಲಿ ಥ್ರೋ ಏಟನ್ನು ಕಡಿಮೆ ಮಾಡಿಕೊಳ್ಳುವ ಅವಕಾಶ ಬಂತು. ಸ್ಟ್ರೀಟ್ ಫೈಟರ್ 4ರ ದಿನಗಳಲ್ಲಿ ಇಬುಕಿ, ಅಕುಮಾ ಆಡುವವರು ಒಂದು ಸಲ ಬೀಳಿಸಿದರೆ ಮತ್ತೆ ಮತ್ತೆ ಬೀಳಿಸುತ್ತಾ ಎದುರಾಳಿಯನ್ನು ಏಳಲು ಬಿಡದ ಸುಳಿ ಕಟ್ಟುತ್ತಿದ್ದರು. ಅದು ತೀರಾ ಜಾಸ್ತಿಯಾಯಿತು. 2014ರ ಅಲ್ಟ್ರಾ ಆವೃತ್ತಿಯಲ್ಲಿ ಬಿದ್ದವರು ಬೇಕಾದರೆ 11 ಫ್ರೇಮ್ ತಡವಾಗಿ ಏಳುವ ಅವಕಾಶ ಕೊಟ್ಟರು. ಅಳೆದಿಟ್ಟ ಲೆಕ್ಕಗಳು ಒಂದೇ ಏಟಿಗೆ ಅಲುಗಾಡಿದವು. ಆಮೇಲೆ 2016ರ ಸ್ಟ್ರೀಟ್ ಫೈಟರ್ 5, 2023ರ 6 ಎರಡರಲ್ಲೂ ಹಿಂದಕ್ಕೆ ಉರುಳಿ ಏಳುವ ದಾರಿ ಇದೆ. ದಾಳಿ ಮಾಡುವವರಿಗೆ ಎಷ್ಟು, ಬಿದ್ದವರಿಗೆ ಎಷ್ಟು ಕೊಡಬೇಕು ಅನ್ನುವ ತೂಕವನ್ನು ಪ್ರತಿ ಆಟವೂ ಹೊಸದಾಗಿ ಹಾಕುತ್ತದೆ.

ಟ್ರೈನಿಂಗ್ ಮೋಡಿನಲ್ಲಿ ಏನು ಮಾಡಬೇಕು?

ಡಮ್ಮಿಯನ್ನು ಬೀಳಿಸಿ. ಅದು ಎದ್ದ ಕೂಡಲೇ ಜ್ಯಾಬ್ ಒತ್ತುವ ಹಾಗೆ ರಿವರ್ಸಲ್ ಸೆಟ್ಟಿಂಗ್ ಇಡಿ. ನಿಮ್ಮ ಮೀಟಿ ಗೆಲ್ಲುತ್ತಿದ್ದರೆ ಗಳಿಗೆ ಸರಿ. ಜ್ಯಾಬ್ ನಿಮಗೆ ತಾಗಿದರೆ ತಡ. ನಿಮ್ಮ ಹೊಡೆತ ಖಾಲಿ ಹೋದರೆ ಬೇಗ. ಸ್ಟ್ರೀಟ್ ಫೈಟರ್ 6ರಲ್ಲಿ ಫ್ರೇಮ್ ಮೀಟರ್ ಅಂತ ಬಣ್ಣದ ಪಟ್ಟಿ ಇದೆ, ಎಷ್ಟು ಫ್ರೇಮ್ ತಪ್ಪಿತು ಅಂತ ಅದರಲ್ಲೇ ಕಾಣುತ್ತದೆ. ಆಮೇಲೆ ಜ್ಯಾಬ್ ಜೊತೆ ಶೋರ್ಯುಕೆನ್, ಬ್ಲಾಕ್, ಥ್ರೋ ಎಲ್ಲವನ್ನೂ ಸೇರಿಸಿ, ಯಾವುದು ಬರುತ್ತದೆ ಅಂತ ಗೊತ್ತಾಗದ ಹಾಗೆ ಇಟ್ಟು ಆಡಿ. ದಿನಕ್ಕೆ ಸ್ವಲ್ಪ ಹೊತ್ತು ಸಾಕು, ಆದರೆ ಒಂದೇ ನಾಕ್‌ಡೌನ್ ಹಿಡಿದು ಆಡಿ.

ಮನೆಯಲ್ಲಿ ಸರಿ ಬರುತ್ತದೆ, ಪಾರ್ಲರಲ್ಲಿ, ಆನ್‌ಲೈನಲ್ಲಿ ಬರುವುದಿಲ್ಲ.

ಟಿವಿ ನೋಡಿ. ದೊಡ್ಡ ಟಿವಿಗಳು ಚಿತ್ರವನ್ನು ಚೆಂದ ಮಾಡಲು ಹೊತ್ತು ತೆಗೆದುಕೊಳ್ಳುತ್ತವೆ, ಬಟನ್ ಒತ್ತಿದ್ದು ತಡವಾಗಿ ಕಾಣುತ್ತದೆ. ಗೇಮ್ ಮೋಡ್ ಹಾಕಲು ಪಾರ್ಲರಿನವರಿಗೆ ಮರ್ಯಾದೆಯಿಂದ ಕೇಳಿ, ಹಾಕಿಕೊಡುತ್ತಾರೆ. ಬ್ಲೂಟೂತ್ ಹೆಡ್‌ಫೋನ್ ಕೂಡ ಶಬ್ದವನ್ನು ತಡ ಮಾಡುತ್ತದೆ. ಶಬ್ದ ಕೇಳಿ ಗಳಿಗೆ ಹಿಡಿಯುವವರಿಗೆ ವೈರ್ ಇರುವುದೇ ಸರಿ.

ಆನ್‌ಲೈನಿಗೆ ವೈಫೈ ಬೇಡ, ಲ್ಯಾನ್ ಕೇಬಲ್ ಹಾಕಿ. ಈಗಿನ ಆಟಗಳಲ್ಲಿ ರೋಲ್‌ಬ್ಯಾಕ್ (ಎದುರಾಳಿಯ ಬಟನ್ ಬರುವ ಮೊದಲೇ ಊಹಿಸಿ ಆಟ ನಡೆಸಿ, ತಪ್ಪಿದರೆ ಸರಿಪಡಿಸುವ ತಂತ್ರ) ಇರುವುದರಿಂದ ಬೆಂಗಳೂರು, ಚೆನ್ನೈನವರ ಜೊತೆ ಮೈಸೂರಿನಿಂದ ಚೆನ್ನಾಗಿಯೇ ಆಡಬಹುದು. ಲೈನ್ ಕೆಟ್ಟಾಗ ಎದುರಾಳಿ ಇದ್ದಕ್ಕಿದ್ದ ಹಾಗೆ ಜಾಗ ಬದಲಿಸಿದಂತೆ ಕಾಣುತ್ತಾರೆ. ಅಂಥ ಹೊತ್ತಿನಲ್ಲಿ ಶಿಮಿಯಂಥ ಕಣ್ಣಿನ ಆಟ ಕಡಿಮೆ ಮಾಡಿ, ಡ್ಯಾಶ್ ಲೆಕ್ಕದ ಮೀಟಿಯನ್ನು ನಂಬಿ.

ಓಕಿ ಕಲಿಯಲು ಯಾವ ಪಾತ್ರ ತೆಗೆದುಕೊಳ್ಳಲಿ?

ಕೆನ್ ಒಳ್ಳೆಯದು. ಎಲ್ಲಿಂದ ಹಿಡಿದರೂ ಮೂಲೆಗೆ ಒಯ್ಯುತ್ತಾನೆ, ಅಲ್ಲಿ ಮೀಟಿ, ಥ್ರೋ, ಶಿಮಿ ಮೂರೂ ಸರಳವಾಗಿ ಸಿಗುತ್ತವೆ. ಕಿಂಬರ್ಲಿ ಹತ್ತಿರ ಸ್ವಲ್ಪ ಹೊತ್ತಾದ ಮೇಲೆ ಸಿಡಿಯುವ ಸ್ಪ್ರೇ ಡಬ್ಬಿ ಇದೆ. ಅದನ್ನು ಬಿಟ್ಟು ಎಡ ಬಲ ಆಟ ಆಡುವುದು ನೋಡಲು ಚೆಂದ, ಆದರೆ ಅದು ಎರಡನೇ ಪಾತ್ರವಾಗಿ ಇರಲಿ. ಕುಸ್ತಿ ಇಷ್ಟವಾದರೆ ಜಾಂಗೀಫ್. ಅವನ ಕಮಾಂಡ್ ಗ್ರ್ಯಾಬ್‌ಗೆ (ವಿಶೇಷ ಥ್ರೋ) ಟೆಕ್ ಇಲ್ಲ, ಎದುರಾಳಿ ಹೆಚ್ಚಾಗಿ ಹಾರಬೇಕಾಗುತ್ತದೆ. ಹಾರುವವರನ್ನು ಹೊಡೆಯಲು ನೀವು ಕಾದಿರಬೇಕು.

ಇಲ್ಲಿಂದ ಆಡಿ ಎಷ್ಟು ದೂರ ಹೋಗಬಹುದು?

ಲಾಹೋರಿನ ಅರ್ಸಲಾನ್ ಆಶ್ ಪಾರ್ಲರುಗಳಲ್ಲಿ ಆಡಿ ಬೆಳೆದು, 2019ರಲ್ಲಿ ಫೈಟಿಂಗ್ ಗೇಮಿನ ದೊಡ್ಡ ಟೂರ್ನಿಗಳಾದ ಇವೋ ಜಪಾನ್, ಅಮೆರಿಕದ ಇವೋ ಎರಡರಲ್ಲೂ ಟೆಕ್ಕೆನ್ 7 ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು. ಭಾರತದಿಂದ ಮಯಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಆಡಿದರು. ಮನೆಯಲ್ಲಿ ಅಪ್ಪ ಅಮ್ಮ ಕೇಳಿದರೆ ಇದನ್ನು ಹೇಳಿ, ಓದಿನ ಹೊತ್ತಿಗೆ ಓದಿ.

ಗೆಳೆಯರ ಜೊತೆ ಅಭ್ಯಾಸ ಮಾಡಲು ಒಳ್ಳೆಯ ದಾರಿ ಯಾವುದು?

ನಮ್ಮ ಗುಂಪಿನಲ್ಲಿ ಹೀಗೆ ಮಾಡುತ್ತೇವೆ. ಇಬ್ಬರು ಕೂತುಕೊಳ್ಳುತ್ತಾರೆ. ಒಬ್ಬರು ಥ್ರೋ ಹಾಕಿ ಬೀಳಿಸುತ್ತಾರೆ, ಆಮೇಲೆ ಓಕಿ ಆಡುತ್ತಾರೆ. ಇನ್ನೊಬ್ಬರು ತಪ್ಪಿಸಿಕೊಳ್ಳಲು ನೋಡುತ್ತಾರೆ. ಒಂದು ಏಟು ಬೀಳುತ್ತಲೇ ನಿಲ್ಲಿಸಿ, ಯಾಕೆ ಅದನ್ನು ಒತ್ತಿದೆ ಅಂತ ಇಬ್ಬರೂ ಹೇಳಬೇಕು. "ಹಿಂದಿನ ಸಲ ಟೆಕ್ ಮಾಡಿದೆಯಲ್ಲ ಮಗಾ, ಅದಕ್ಕೆ ಶಿಮಿ ಮಾಡಿದೆ" ಅಂತ ಒಬ್ಬರು. "ಗೇಜ್ ಇತ್ತಲ್ಲ, ನೀನು ಬ್ಲಾಕ್ ಮಾಡ್ತೀಯ ಅಂದುಕೊಂಡೆ" ಅಂತ ಇನ್ನೊಬ್ಬರು. ಮತ್ತೆ ಬೀಳಿಸಿ, ಮತ್ತೆ ಆಡಿ. ಸ್ವಲ್ಪ ಹೊತ್ತಾದ ಮೇಲೆ ಜಾಗ ಬದಲಿಸಿ. ಮಂಡ್ಯದಿಂದ ರೈಲಿನಲ್ಲಿ ಬರುವ ಗೆಳೆಯರಿಗೆ ಮೊದಲ ಸರದಿ ಕೊಡಿ, ಅವರು ಸಂಜೆ ರೈಲು ಹಿಡಿಯಬೇಕು.